ಸೊಂಟದಲ್ಲಿ ಮೂರು ಇಂಚು

ಹೋದ ಶನಿವಾರ ಸಂಜೆ ಹಳೇ ಹುಬ್ಬಳ್ಳಿಯಿಂದ ನನ್ನ ಲೆದರ್ ಜಾಕೆಟ್ ಮನೆಗೆ ಬಂತು. ಈಗ ಅದು ಮೈಗೆ ಸರಿಯಾಗಿ ಕೂರುತ್ತದೆ. ಸೊಂಟದಲ್ಲಿ 3 ಇಂಚು ಕಡಿಮೆ ಮಾಡಿಸೋದಕ್ಕೆ ನಾಲ್ಕು ತಿಂಗಳು ಹಿಡಿಯಿತು, ಮಧ್ಯೆ ಒಂದು ದಿನ ಜಾಕೆಟ್ ಪೂರ್ತಿ ಕೆಟ್ಟೇ ಹೋಯಿತು ಅಂತ ಕೂತು ಅತ್ತುಬಿಟ್ಟಿದ್ದೆ. ಅಳತೆ ಕೊಟ್ಟು ಚರ್ಮದ ಜಾಕೆಟ್ ಹೊಲಿಸಬೇಕು ಅಂತಿರುವವರಿಗೆ, ಹೊಲಿಸಿದ ಮೇಲೆ ಫಿಟ್ಟಿಂಗ್ ಸರಿ ಇಲ್ಲ ಅಂತ ಕೊರಗುತ್ತಿರುವವರಿಗೆ ಇದು ಉಪಯೋಗಕ್ಕೆ ಬರಲಿ ಅಂತ ಬರೀತಿದ್ದೇನೆ. ನನಗೆ ಆಗ ಯಾರಾದರೂ ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ಬಟ್ಟೆಯ ಹೊಲಿಗೆ ಬಿಚ್ಚಿದರೆ ತೂತು ಮುಚ್ಚಿಕೊಳ್ಳುತ್ತದೆ. ಚರ್ಮದ ಹೊಲಿಗೆ ಬಿಚ್ಚಿದರೆ ತೂತು ಹಾಗೇ ಉಳಿಯುತ್ತದೆ.

ಧಾರವಾಡದ ಮಾಳಮಡ್ಡಿಯಲ್ಲಿ ಮನೆ, ಹುಬ್ಬಳ್ಳಿಯಲ್ಲಿ ಕೆಲಸ. ಮಳೆಗಾಲದಲ್ಲಿ ಚಿಗರಿ ಬಸ್ಸು, ಉಳಿದ ದಿನ ಬೈಕ್. ಸತ್ತೂರು, ರಾಯಾಪುರ, ನವನಗರ ದಾಟಿ ಉಣಕಲ್ ಕೆರೆ ಹತ್ತಿರ ಬರೋ ಹೊತ್ತಿಗೆ ಡಿಸೆಂಬರ್ ಬೆಳಗಿನ ಗಾಳಿ ಎದೆಯೊಳಗೆ ಇಳಿದಿರುತ್ತದೆ. ರಜಾ ದಿನ ಬಂದರೆ ಹಳಿಯಾಳ ದಾಟಿ ದಾಂಡೇಲಿ ಕಡೆ ಒಂದು ಸುತ್ತು. ಹಾಗಾಗಿ ಒಂದು ಒಳ್ಳೆಯ ಜಾಕೆಟ್ ಬೇಕು ಅಂತ ಬಹಳ ದಿನದಿಂದ ಇತ್ತು. ಅಂಗಡಿಯಲ್ಲಿ ಸಿಗೋ ಜಾಕೆಟ್‌ಗಳು ಗಂಡಸರ ಮೈ ನೋಡಿ ಮಾಡಿದವು. ಭುಜ ಸರಿ ಕೂತರೆ ಎದೆ ಬಿಗಿ, ಎದೆ ಸರಿ ಆದರೆ ಭುಜ ಕೆಳಗೆ ಜಾರಿ ತೋಳು ಬೆರಳ ತನಕ ಬರುತ್ತದೆ. ಹೆಂಗಸರದ್ದು ಅಂತ ಇಟ್ಟಿರುವುದು ಬರೀ ನೋಡೋಕೆ ಚೆಂದ, ತೆಳು ಚರ್ಮ, ಬಿದ್ದಾಗ ಪೆಟ್ಟು ತಡೆಯೋ ಗಾರ್ಡ್ ಹಾಕೋಕೆ ಜೇಬೇ ಇರಲ್ಲ. ಅದಕ್ಕೇ ಎರಡು ವರ್ಷ ದುಡ್ಡು ಕೂಡಿಟ್ಟು ಹೊರ ಊರಿನ ಒಂದು ವರ್ಕ್‌ಶಾಪ್‌ಗೆ ಅಳತೆ ಕಳಿಸಿ ಹೊಲಿಸಿದೆ. ಆಡಿನ ಚರ್ಮ, ಕಪ್ಪು, ದಪ್ಪ ಸುಮಾರು 1 ಮಿಲಿಮೀಟರ್. ಎಮ್ಮೆ ಚರ್ಮಕ್ಕಿಂತ ಹಗುರ, ತೆಳುವಿದ್ದರೂ ಗಟ್ಟಿ. ಹತ್ತಿರದಿಂದ ನೋಡಿದರೆ ಮೇಲ್ಮೈ ತುಂಬ ಸಣ್ಣ ಸಣ್ಣ ರವೆಯಂಥ ಕಣ ಕಾಣುತ್ತದೆ, ಕೈ ಆಡಿಸುತ್ತಾ ಇರೋಣ ಅನಿಸುತ್ತದೆ.

ತಪ್ಪು ಆಗಿದ್ದು ಅಳತೆಯಲ್ಲಿ. ಅವರದ್ದಲ್ಲ, ನಮ್ಮದೇ. ವಿಡಿಯೋ ಕಾಲ್‌ನಲ್ಲಿ ಅವರು ಹೇಳಿದ ಹಾಗೆ ನನ್ನ ಅಕ್ಕ ಟೇಪ್ ಹಿಡಿದಳು. ಬೈಕ್ ಮೇಲೆ ಒಳಗೆ ಸ್ವೆಟರ್ ಹಾಕೋತೀಯಲ್ಲ, ಅದರ ಮೇಲೇ ಅಳೆಯೋಣ ಅಂದಳು. ಸರಿ ಅನಿಸಿತು. ಆದರೆ ಅವರು ಕೇಳಿದ್ದು ಮೈ ಅಳತೆ. ಮೈ ಅಳತೆಗೆ ಅವರೇ ಲೂಸ್ ಸೇರಿಸಿಕೊಂಡು ಕತ್ತರಿಸುತ್ತಾರೆ. ನಾವು ಸ್ವೆಟರ್ ದಪ್ಪ ಸೇರಿಸಿ ಕೊಟ್ಟ ಮೇಲೆ ಅವರ ಲೂಸ್ ಬೇರೆ ಸೇರಿತು. ಭುಜಕ್ಕೆ ಇದರಿಂದ ಏನೂ ವ್ಯತ್ಯಾಸ ಆಗಲಿಲ್ಲ, ಅಲ್ಲಿ ಮೂಳೆಯಿಂದ ಮೂಳೆಗೆ ಅಳೆಯೋದು. ಎದೆಯೂ ನಡೆಯುತ್ತಿತ್ತು. ಸೊಂಟದಲ್ಲಿ ಮಾತ್ರ ಒಳಗೆ ಇನ್ನೊಂದು ಸ್ವೆಟರ್ ತುರುಕುವಷ್ಟು ಜಾಗ. ಬೈಕ್ ಓಡಿಸುವಾಗ ಕೆಳಗಿನಿಂದ ಗಾಳಿ ನುಗ್ಗಿ ಬೆನ್ನು ಹಿಂದೆ ಪುಗ್ಗೆ ಥರ ಉಬ್ಬುತ್ತಿತ್ತು.

ಇದು ಬರೀ ಚೆಂದದ ವಿಷಯ ಅಲ್ಲ ಅಂತ ಇಲ್ಲೇ ಹೇಳಿಬಿಡುತ್ತೇನೆ. ಬೈಕ್ ಜಾಕೆಟ್ ಒಳಗೆ ಮೊಣಕೈ ಮತ್ತು ಭುಜಕ್ಕೆ ಗಾರ್ಡ್ ಇರುತ್ತವೆ. ನಾನು ಹಾಕಿರೋದು ಇಎನ್ 1621-1 ಗುರುತು ಇರೋವು, ಕೈಕಾಲಿನ ಗಾರ್ಡ್‌ಗಳಿಗೆ ಅಂತ ಇರುವ ಯುರೋಪಿನ ಮಾನದಂಡ ಅದು. ಅವು ಎಷ್ಟೇ ಒಳ್ಳೆಯವಾಗಿದ್ದರೂ ಬಿದ್ದ ಕ್ಷಣದಲ್ಲಿ ಮೊಣಕೈ ಮೇಲೇ ಇರಬೇಕು. ಜಾಕೆಟ್ ಸಡಿಲ ಇದ್ದರೆ ರಸ್ತೆ ಮೇಲೆ ಜಾರುವಾಗ ಅದು ಮೈ ಮೇಲೆ ತಿರುಗಿಬಿಡುತ್ತದೆ, ಬೆನ್ನಿನ ಕಡೆಯಿಂದ ಮೇಲಕ್ಕೆ ಸರಿಯುತ್ತದೆ, ಗಾರ್ಡ್ ಒಂದು ಕಡೆ ಮೊಣಕೈ ಒಂದು ಕಡೆ. ಹಾಗಾಗಿ ಸೊಂಟ ಹಿಡಿಸಲೇಬೇಕು ಅಂತ ನಿರ್ಧಾರ ಮಾಡಿದೆ.

ಅವಸರ ಮಾಡಲಿಲ್ಲ, ಅಷ್ಟು ಮಾತ್ರ ಸರಿ ಮಾಡಿದೆ. ಮೂರು ವಾರ ಹಾಗೇ ಹಾಕಿಕೊಂಡು ಓಡಾಡಿದೆ. ಹೊಸ ಚರ್ಮ ಮೈಗೆ ಹೊಂದಿಕೊಳ್ಳೋಕೆ ಸ್ವಲ್ಪ ದಿನ ಬೇಕು. ಮೊಣಕೈಯಲ್ಲಿ ಮಡಿಕೆ ಬೀಳುತ್ತವೆ, ಮಡಿಕೆ ಬಿದ್ದಷ್ಟು ತೋಳು ಮೇಲೆ ಸರಿಯುತ್ತದೆ. ಬೆನ್ನು, ಭುಜ ಸ್ವಲ್ಪ ಹಿಗ್ಗುತ್ತವೆ. ಬಂದ ದಿನವೇ ಕತ್ತರಿ ಹಾಕಿಸಿದರೆ ತಿಂಗಳ ಮೇಲೆ ಅಳತೆ ಬೇರೆಯೇ ಆಗಿರುತ್ತದೆ. ಹೊಸ ಜಾಕೆಟ್ ಮೊದಲ ದಿನ ಸ್ವಲ್ಪ ಬಿಗಿ ಅನಿಸಿದರೆ ಹೆದರಬೇಡಿ, ಅದು ಬಿಡುತ್ತದೆ. ಮೊದಲ ದಿನವೇ ಆರಾಮ ಅನಿಸಿದರೆ ಆರು ತಿಂಗಳಿಗೆ ಸಡಿಲ ಆಗುತ್ತದೆ.

ಈ ಮೂರು ವಾರದಲ್ಲಿ ಬಂದ ಸಲಹೆ ಒಂದಾ ಎರಡಾ. ಚಿಕ್ಕಪ್ಪ ಹೇಳಿದ್ದು, ನೀರಲ್ಲಿ ನೆನೆಸಿ ಮೈಮೇಲೇ ಒಣಗಿಸು, ಚಪ್ಪಲಿ ಕಾಲಿಗೆ ಹೇಗೆ ಕೂರುತ್ತದೋ ಹಾಗೇ ಕೂರುತ್ತದೆ ಅಂತ. ಅವರ ಮಾತಿಗೆ ಕಾರಣ ಇದೆ. ನಮ್ಮ ಕಡೆ ಚರ್ಮ ಅಂದರೆ ಮೊದಲು ನೆನಪಾಗೋದು ಕೊಲ್ಹಾಪುರಿ ಚಪ್ಪಲಿ. 2019ರಲ್ಲಿ ಅದಕ್ಕೆ ಜಿಐ ಟ್ಯಾಗ್ (ಇಂಥ ಊರಿನ ವಸ್ತು ಅನ್ನೋ ಅಧಿಕೃತ ಗುರುತು) ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಇದ್ದವು. ಆ ಚರ್ಮವನ್ನು ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡುತ್ತಾರೆ. ಅದು ಗಟ್ಟಿ, ಒದ್ದೆಯಾದಾಗ ಬಗ್ಗಿ ಒಣಗಿದಾಗ ಆ ಆಕಾರ ಹಿಡಿಯುತ್ತದೆ. ಜಾಕೆಟ್ ಚರ್ಮವನ್ನು ಹೆಚ್ಚಾಗಿ ಕ್ರೋಮ್ ಉಪ್ಪಿನಲ್ಲಿ ಹದ ಮಾಡಿರುತ್ತಾರೆ. ಅದು ಮೆತ್ತಗೆ ಬಟ್ಟೆ ಥರ ಇರುತ್ತದೆ, ನೆನೆಸಿದರೆ ಆಕಾರ ಹಿಡಿಯೋದಿಲ್ಲ.  ದಯವಿಟ್ಟು ಯಾರೂ ನೆನೆಸಬೇಡಿ, ಇಸ್ತ್ರಿಯನ್ನೂ ಮಾಡಬೇಡಿ.

ಆಮೇಲೆ ಒಬ್ಬ ಟೇಲರ್ ಹತ್ತಿರ ಹೋದೆ. ಯಾರು, ಎಲ್ಲಿ ಅಂತ ಬರೆಯೋಲ್ಲ. ಬ್ಲೇಜರ್, ಸೂಟ್ ಚೆನ್ನಾಗಿ ಹೊಲಿಯುತ್ತಾರೆ, ನಮ್ಮ ಮನೆಯ ಮದುವೆಗಳಿಗೆಲ್ಲ ಅವರೇ ಹೊಲಿದದ್ದು. ಚರ್ಮವನ್ನೂ ಮಾಡ್ತೀನಿ ಅಂದರು, ನಾನೂ ನಂಬಿದೆ. ನನ್ನ ಮೈಮೇಲೆ ಜಾಕೆಟ್ ಹಾಕಿಸಿ ಎರಡೂ ಪಕ್ಕ ಬೆರಳಲ್ಲಿ ಚಿವುಟಿ ಹಿಡಿದು ಸೀಮೆಸುಣ್ಣದ ಗೆರೆ ಎಳೆದರು. ಎರಡು ದಿನ ಬಿಟ್ಟು ಹೋದರೆ ಜಿಪ್ಪು ಮೇಲೇರುತ್ತಿಲ್ಲ. ಉಸಿರು ಬಿಗಿಹಿಡಿದು ಏರಿಸಿದರೆ ಕೈ ಎತ್ತೋಕೆ ಆಗುತ್ತಿಲ್ಲ.

ಏನಾಗಿತ್ತು ಅಂದರೆ, ಈ ಲೆಕ್ಕ ಯಾರಿಗಾದರೂ ತಪ್ಪುವಂಥದ್ದು, ಅದಕ್ಕೇ ಬಿಡಿಸಿ ಹೇಳುತ್ತೇನೆ. ಒಂದು ಪಕ್ಕದ ಹೊಲಿಗೆಯನ್ನ ಅರ್ಧ ಇಂಚು ಒಳಗೆ ತೆಗೆದುಕೊಂಡರೆ ಸುತ್ತಳತೆಯಲ್ಲಿ ಹೋಗೋದು ಅರ್ಧ ಇಂಚಲ್ಲ, 1 ಇಂಚು. ಮುಂದಿನ ತುಂಡಿನಿಂದ ಅರ್ಧ, ಹಿಂದಿನ ತುಂಡಿನಿಂದ ಅರ್ಧ. ಎರಡು ಪಕ್ಕ ಸೇರಿದರೆ 2 ಇಂಚು. ಅವರು ಎರಡೂ ಪಕ್ಕ 1 ಇಂಚು ಒಳಗೆ ಹೊಲಿದಿದ್ದರು. ಅಂದರೆ ಒಟ್ಟು 4 ಇಂಚು. ನನಗೆ ಬೇಕಿದ್ದದ್ದು 3. ಅದರ ಜೊತೆ ಗೆರೆಯನ್ನ ಕೆಳಗಿನಿಂದ ಕಂಕುಳ ತನಕ ನೆಟ್ಟಗೆ ತೆಗೆದುಕೊಂಡು ಹೋಗಿದ್ದರು, ಹಾಗಾಗಿ ಸರಿಯಾಗಿದ್ದ ಎದೆಯೂ 4 ಇಂಚು ಕಡಿಮೆಯಾಗಿತ್ತು.

ಬಟ್ಟೆಯಾಗಿದ್ದರೆ ಏನೂ ಚಿಂತೆ ಇರಲಿಲ್ಲ. ಬಿಚ್ಚಿ ಸಡಿಲ ಮಾಡಿ ಕೊಡ್ರಿ ಅಂದೆ, ಅವರೂ ತಕ್ಷಣ ಒಪ್ಪಿದರು. ಬಿಚ್ಚಿ, ಮೊದಲಿನ ಗುರುತಿಗೇ ವಾಪಸ್ ಹೊಲಿದು ಕೊಟ್ಟರು. ಮನೆಗೆ ತಂದು ಕಿಟಕಿ ಬೆಳಕಿಗೆ ಹಿಡಿದು ನೋಡಿದೆ. ಎರಡೂ ಪಕ್ಕ, ಹೊಲಿಗೆಯ ಈಚೆಗೆ ಒಂದು ಸಾಲು ಆಚೆಗೆ ಒಂದು ಸಾಲು, ಕಂಕುಳಿನಿಂದ ಅಂಚಿನ ತನಕ ಸಣ್ಣ ಸಣ್ಣ ತೂತು. ಒಟ್ಟು ನಾಲ್ಕು ಸಾಲು. ಒಂದು ಇಂಚಿನಲ್ಲಿ ಎಣಿಸಿದೆ, 12 ಇದ್ದವು. ಬೆಳಕು ಒಳಗಿಂದ ಚುಕ್ಕಿ ಚುಕ್ಕಿಯಾಗಿ ಕಾಣುತ್ತಿತ್ತು. ಆವತ್ತೇ ಅತ್ತಿದ್ದು. ಅವ್ವ ಪಕ್ಕದಲ್ಲಿ ಕೂತು ಬೆರಳಿನಿಂದ ಆ ತೂತುಗಳನ್ನ ತಿಕ್ಕಿ ತಿಕ್ಕಿ ಮುಚ್ಚೋಕೆ ನೋಡಿದಳು, ರೇಷ್ಮೆ ಸೀರೆಯಲ್ಲಿ ಪಿನ್ನು ಚುಚ್ಚಿದ ಗುರುತನ್ನ ಉಗುರಿನಿಂದ ಸರಿಮಾಡುತ್ತಾಳಲ್ಲ ಹಾಗೆ. ಬಟ್ಟೆಯಲ್ಲಿ ನೂಲುಗಳು ಪಕ್ಕಕ್ಕೆ ಸರಿದು ಸೂಜಿಗೆ ದಾರಿ ಕೊಟ್ಟಿರುತ್ತವೆ, ತಿಕ್ಕಿದರೆ ವಾಪಸ್ ಬರುತ್ತವೆ. ಚರ್ಮದಲ್ಲಿ ಸರಿಯೋ ನೂಲು ಎಲ್ಲಿದೆ? ಸೂಜಿ ಅದನ್ನ ಹರಿದುಕೊಂಡೇ ಹೋಗಿರುತ್ತದೆ.

ಚರ್ಮದಲ್ಲಿ ಆಲ್ಟರ್ ಅನ್ನೋದು ಒಂದೇ ದಿಕ್ಕಿಗೆ ಹೋಗೋ ದಾರಿ ಅಂತ ಆಗ ಅರ್ಥವಾಯಿತು. ಸಣ್ಣ ಮಾಡಬಹುದು, ಯಾಕಂದರೆ ಹಳೇ ತೂತು ಮಾರ್ಜಿನ್ (ಹೊಲಿಗೆಯಾಚೆ ಒಳಗೆ ಉಳಿಯೋ ಚರ್ಮ) ಒಳಗೆ ಹೋಗಿ ಮುಚ್ಚಿಹೋಗುತ್ತದೆ. ದೊಡ್ಡದು ಮಾಡೋಕೆ ಹೋದರೆ ಹಳೇ ತೂತು ಹೊರಗೆ ಬಂದು ಎಲ್ಲರಿಗೂ ಕಾಣುತ್ತದೆ. ಮತ್ತೆ ಇಂಚಿಗೆ 12 ಟಾಕು, ಅಂದರೆ ಸೂಜಿಯ 12 ಹೆಜ್ಜೆ, ಚರ್ಮಕ್ಕೆ ತುಂಬಾ ಹತ್ತಿರ ಹತ್ತಿರ. ಅಂಚೆ ಚೀಟಿ ಹರಿಯೋಕೆ ಅಂತ ಸುತ್ತ ತೂತು ಹಾಕಿರುತ್ತಾರಲ್ಲ, ಹಾಗೇ ಚರ್ಮ ಅದೇ ಗೆರೆಯಲ್ಲಿ ಹರಿಯುತ್ತದೆ. ಚರ್ಮಕ್ಕೆ ಟಾಕು ಉದ್ದ ಇರಬೇಕು, 3ರಿಂದ 4 ಮಿಲಿಮೀಟರ್. ದಾರ ಹತ್ತಿಯದಾಗಬಾರದು, ಬೆವರು ಮಳೆ ಕುಡಿದು ಕೊಳೆಯುತ್ತದೆ. ನೈಲಾನ್ ಇಲ್ಲಾ ಪಾಲಿಯೆಸ್ಟರ್ ಬೇಕು. ಇದ್ಯಾವುದನ್ನೂ ನಾನು ಮೊದಲೇ ಕೇಳಿರಲಿಲ್ಲ.

ಒಂದು ತಿಂಗಳು ಜಾಕೆಟ್ ಕಪಾಟಿನಲ್ಲೇ ಇತ್ತು. ಆಮೇಲೆ ಆಫೀಸಿನಲ್ಲಿ ಬೈಕ್ ಹುಚ್ಚಿನ ಸಹೋದ್ಯೋಗಿಯೊಬ್ಬರು ಹೇಳಿದರು, ಟೇಲರ್ ಹತ್ತಿರ ಯಾಕ ಹೋಗ್ತೀರಿ, ಸೀಟು ಹೊಲಿಯೋರ ಹತ್ತಿರ ಹೋಗ್ರಿ. ನನ್ನ ತಲೆಗೆ ಹೊಳೆದೇ ಇರಲಿಲ್ಲ. ಹುಬ್ಬಳ್ಳಿಯಲ್ಲಿ ಬೈಕ್ ಸೀಟು, ಕಾರ್ ಸೀಟು, ಬ್ಯಾಗು ಹೊಲಿಯೋ ಅಂಗಡಿಗಳಿಗೆ ಬರ ಇಲ್ಲ. ದಪ್ಪ ರೆಕ್ಸಿನ್, ಚರ್ಮ ಹೊಲಿಯೋ ಮಷೀನು ಇರೋದೇ ಅವರ ಹತ್ತಿರ. ನಮ್ಮ ಮನೆಯ ಮಷೀನಿನಲ್ಲಿ ಕೆಳಗಿನ ಹಲ್ಲು ಬಟ್ಟೆಯನ್ನ ಮುಂದೆ ತಳ್ಳುತ್ತದೆ, ಮೇಲಿನ ಕಾಲು ಸುಮ್ನೆ ಒತ್ತಿಕೊಂಡಿರುತ್ತದೆ. ಚರ್ಮ ಆ ಕಾಲಿಗೆ ಅಂಟಿಕೊಳ್ಳುತ್ತದೆ, ಕೆಳಗಿನ ಪದರ ಮುಂದೆ ಹೋಗುತ್ತದೆ, ಮೇಲಿನದು ಹಿಂದೆ ಉಳಿಯುತ್ತದೆ, ಹೊಲಿಗೆ ಸುಕ್ಕಾಗುತ್ತದೆ. ಸೀಟು ಹೊಲಿಯೋ ಮಷೀನಿನಲ್ಲಿ ಮೇಲಿನ ಕಾಲೂ ಹೆಜ್ಜೆ ಹಾಕುತ್ತದೆ. ಎರಡೂ ಪದರ ಜೊತೆಯಾಗಿ ನಡೆಯುತ್ತವೆ. ಅಷ್ಟೇ ವ್ಯತ್ಯಾಸ, ಆದರೆ ಎಲ್ಲಾ ಅದರಲ್ಲೇ ಇದೆ.

ಹಾಗೆ ಕೇಳುತ್ತಾ ಹೋಗಿ ಸಿಕ್ಕವರು ಹಳೇ ಹುಬ್ಬಳ್ಳಿಯ ಒಂದು ಓಣಿಯಲ್ಲಿರುವ ಕಾಕಾ. ಹೆಸರು ಬರೆಯಬೇಡ ಅಂದಿದ್ದಾರೆ, ಬರೆಯೋಲ್ಲ. ಅರವತ್ತೈದರ ಮೇಲೆ ವಯಸ್ಸು. ಅಂಗಡಿ ಅಂದರೆ ಒಂದು ಶಟರ್ ಅಗಲ, ಅರ್ಧ ಭಾಗ ಹಳೇ ಸೀಟುಗಳೇ ತುಂಬಿವೆ. ಜಾಕೆಟ್ ಕೈಗೆ ಕೊಟ್ಟೆ. ಮಾತಾಡದೆ ತಿರುವಿ ಹಾಕಿದರು, ತೂತಿನ ಸಾಲಿನ ಮೇಲೆ ಹೆಬ್ಬೆರಳು ಇಟ್ಟು ಕೆಳಗಿನ ತನಕ ಎಳೆದರು.

"ಯಾರ್ ಹೊಲದಾರವಾ ಇದನ್ನ?"

ಹೇಳಿದೆ. ಯಾರನ್ನೂ ಬೈಯಲಿಲ್ಲ. "ಅವ್ರಿಗೆ ಇದು ಗೊತ್ತಿಲ್ಲ, ಅಷ್ಟ. ಮಾರ್ಜಿನ್ ಕತ್ತರಿಸಿಲ್ಲ ನೋಡು, ಅದು ನಿನ್ನ ಪುಣ್ಯ" ಅಂದರು. ನಿಜ, ಆ ಟೇಲರ್ ಒಳಗಿನ ಹೆಚ್ಚಿನ ಚರ್ಮ ಕತ್ತರಿಸದೆ ಹಾಗೇ ಬಿಟ್ಟಿದ್ದರು. ಕತ್ತರಿಸಿದ್ದರೆ ಜಾಕೆಟ್ ಅಲ್ಲಿಗೇ ಮುಗಿಯುತ್ತಿತ್ತು.

ಸೊಂಟದ ಜೊತೆ ತೋಳನ್ನೂ 2 ಇಂಚು ಕಡಿಮೆ ಮಾಡಿಸಬೇಕು ಅಂತ ನನ್ನ ತಲೆಯಲ್ಲಿತ್ತು. ಕನ್ನಡಿ ಮುಂದೆ ನಿಂತರೆ ತೋಳು ಮಣಿಕಟ್ಟು ದಾಟಿ ಹೆಬ್ಬೆರಳ ಬುಡದ ತನಕ ಬರುತ್ತಿತ್ತು. ಅದನ್ನ ಹೇಳಿದ ತಕ್ಷಣ ಕಾಕಾ ಎದ್ದು ಹೊರಗೆ ಬಂದರು. "ಮೊದ್ಲ ಗಾಡಿ ಮ್ಯಾಲ ಕುಂಡ್ರು. ಹ್ಯಾಂಡಲ್ ಹಿಡಿ. ಆಮ್ಯಾಲ ತೋಳಿಂದು ಮಾತಾಡೋಣು." ಓಣಿಯಲ್ಲಿ ನಿಲ್ಲಿಸಿದ್ದ ನನ್ನ ಬೈಕ್ ಮೇಲೆ ಜಾಕೆಟ್ ಹಾಕಿಕೊಂಡೇ ಕೂತೆ, ಎರಡೂ ಕೈ ಮುಂದೆ ಚಾಚಿ ಹ್ಯಾಂಡಲ್ ಹಿಡಿದೆ. ತೋಳು ತಾನಾಗೇ ಹಿಂದೆ ಸರಿದು ಮಣಿಕಟ್ಟಿನ ಮೂಳೆ ಮೇಲೆ ಬಂದು ನಿಂತಿತು. ಗ್ಲೌಸ್ ಒಳಗೆ ಸೇರಿಸೋಕೆ ಸರಿಯಾಗಿ ಎಷ್ಟು ಬೇಕೋ ಅಷ್ಟೇ. ಮೊಣಕೈ ಗಾರ್ಡ್ ಕೂಡ ಮೊಣಕೈ ಮೇಲೇ ಇತ್ತು. ಕಾಕಾ ನನ್ನ ಮುಖ ನೋಡಿ, "ತೋಳ ಮುಟ್ಟಬ್ಯಾಡ. ಹೊಲದಾವ ಶಾಣ್ಯಾ ಇದ್ದಾನ" ಅಂದರು. ಹೊಲಿದವರು ತೋಳನ್ನ ಬೈಕ್ ಮೇಲೆ ಕೂತ ಭಂಗಿಗೆ ಕೊಟ್ಟಿದ್ದರು. ನಾನು ಕನ್ನಡಿ ನೋಡಿ ತೀರ್ಮಾನ ಮಾಡಿದ್ದೆ. 2 ಇಂಚು ಕತ್ತರಿಸಿದ್ದರೆ ಬೈಕ್ ಮೇಲೆ ಕೂತಾಗೆಲ್ಲ ಮಣಿಕಟ್ಟು ಬರಿದಾಗಿ ಇರುತ್ತಿತ್ತು, ಮತ್ತೆ ಉದ್ದ ಮಾಡೋಕೆ ದಾರಿಯೇ ಇಲ್ಲ.

ತೋಳು ನಿಜವಾಗಿ ಕಡಿಮೆ ಮಾಡಿಸಲೇಬೇಕಾದರೆ ಇನ್ನೊಂದು ತೊಡಕಿದೆ. ತೋಳಿನ ತುದಿಯಲ್ಲಿ ಜಿಪ್ಪು ಇದ್ದರೆ ತುದಿಯಿಂದ ಕತ್ತರಿಸೋಕೆ ಆಗೋದಿಲ್ಲ, ಜಿಪ್ಪೂ ಹೋಗುತ್ತದೆ. ಆಗ ಭುಜದ ಕಡೆಯಿಂದ ತೋಳು ಬಿಚ್ಚಿ, ಮೇಲಿನಿಂದ ಕಡಿಮೆ ಮಾಡಿ ಮತ್ತೆ ಕೂರಿಸಬೇಕು, ಮೊಣಕೈ ಗಾರ್ಡಿನ ಜಾಗವೂ ಮೇಲಕ್ಕೆ ಹೋಗುತ್ತದೆ. ಭುಜ ತಪ್ಪಿದ್ದರಂತೂ ಕೈ ಹಾಕದೇ ಇರೋದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಕಾಲರ್, ತೋಳು, ಒಳಗಿನ ಅಸ್ತರ್ ಬಟ್ಟೆ ಎಲ್ಲಾ ಬಿಚ್ಚಬೇಕಾಗುತ್ತದೆ.

ಆಮೇಲೆ ಕಾಕಾ ಸೊಂಟ ನೋಡಿದರು. ಪಿನ್ನು ಮುಟ್ಟಲೇ ಇಲ್ಲ. ಹಗ್ಗಕ್ಕೆ ಬಟ್ಟೆ ಒಣಹಾಕುವಾಗ ಹಾಕೋ ಪ್ಲಾಸ್ಟಿಕ್ ಕ್ಲಿಪ್ಪು ಹತ್ತಿಪ್ಪತ್ತು ಇಟ್ಟುಕೊಂಡಿದ್ದಾರೆ. ಪಕ್ಕದಲ್ಲಿ ಅರ್ಧರ್ಧ ಇಂಚು ಹಿಡಿದು ಕ್ಲಿಪ್ಪು ಹಾಕಿದರು. ಬೆನ್ನಿನ ಮೇಲೆ ಭುಜದಿಂದ ಕೆಳಗೆ ಇಳಿಯೋ ಎರಡು ಹೊಲಿಗೆ ಇವೆ, ಅವುಗಳಲ್ಲಿ ಕಾಲು ಕಾಲು ಇಂಚು. ಪಕ್ಕದಿಂದ 2, ಬೆನ್ನಿನಿಂದ 1, ಒಟ್ಟು 3. ಎಲ್ಲವನ್ನೂ ಪಕ್ಕದಿಂದಲೇ ತೆಗೆದರೆ ಮುಂದಿನ ಜೇಬು ಪಕ್ಕಕ್ಕೆ ಜರಗುತ್ತದೆ, ಬೆನ್ನು ಮಾತ್ರ ಹಾಗೇ ಅಗಲ ಉಳಿದು ಉಬ್ಬುತ್ತದೆ ಅಂದರು. ಕಂಕುಳ ಹತ್ತಿರ ಸೊನ್ನೆ, ಅಲ್ಲಿಂದ ನಿಧಾನಕ್ಕೆ ಇಳಿಯುತ್ತಾ ಸೊಂಟಕ್ಕೆ ಬಂದಾಗ ಅರ್ಧ ಇಂಚು. ಕ್ಲಿಪ್ಪುಗಳ ಜೊತೆಗೇ ಮತ್ತೆ ಬೈಕ್ ಮೇಲೆ ಕೂರಿಸಿದರು, ಕೈ ಮೇಲೆತ್ತಿಸಿದರು, ಬಗ್ಗಿಸಿದರು, ಒಳಗೆ ಸ್ವೆಟರ್ ಹಾಕಿಸಿ ಇನ್ನೊಂದು ಸಲ ಅಷ್ಟನ್ನೂ ಮಾಡಿಸಿದರು. ಒಂದು ಗಂಟೆ ಇದರಲ್ಲೇ ಹೋಯಿತು. ಹೊಲಿಗೆ ಒಂದೂ ಬಿಚ್ಚಿರಲಿಲ್ಲ ಇನ್ನೂ.

ಉಳಿದದ್ದು ಆ ನಾಲ್ಕು ಸಾಲು ತೂತು. ಏನು ಮಾಡೋದು ಕಾಕಾ ಅಂತ ಕೇಳಿದೆ. ಇದರದೇ ಚರ್ಮದ ತುಂಡು ಏನಾದರೂ ಇದೆಯಾ ಅಂತ ಕೇಳಿದರು. ಇತ್ತು! ಜಾಕೆಟ್ ಕಳಿಸುವಾಗ ವರ್ಕ್‌ಶಾಪ್‌ನವರು ಉಳಿದ ಚರ್ಮವನ್ನ ಸುರುಳಿ ಸುತ್ತಿ ಅದೇ ಡಬ್ಬಿಯಲ್ಲಿ ಇಟ್ಟಿದ್ದರು, ಅವ್ವ ಅದನ್ನ ಟ್ರಂಕಿನಲ್ಲಿ ಜೋಪಾನ ಮಾಡಿದ್ದಳು. ಒಂದೂವರೆ ಅಡಿ ಉದ್ದ, ಒಂದು ಗೇಣು ಅಗಲ. ಕಪ್ಪಿಗೆ ಕಪ್ಪು ಅಂತ ಬೇರೆ ಚರ್ಮ ಹಚ್ಚಿದರೆ ಬಿಸಿಲಲ್ಲಿ ಬೇರೆಯೇ ಕಾಣುತ್ತದೆ, ಒಂದು ಕಂದು ಕಡೆ ಹೋದರೆ ಇನ್ನೊಂದು ನೀಲಿ ಕಡೆ. ಹೊಲಿಸುವಾಗಲೇ ಉಳಿದ ತುಂಡು ಕಳಿಸಿ ಅಂತ ಕೇಳಿಟ್ಟುಕೊಳ್ಳಿ. ನನಗೆ ಕೇಳದೇ ಸಿಕ್ಕಿತು, ಎಲ್ಲರಿಗೂ ಹಾಗೆ ಸಿಗೋದಿಲ್ಲ.

"ತೂತು ಎಲ್ಲಿ ಅದಾವೋ ಅಲ್ಲೇ ಹೊಲೀತೀನಿ" ಅಂದರು ಕಾಕಾ. "ಹೊರಗ ಕಾಣೋ ಹಂಗ ಹೊಸಾ ತೂತು ಒಂದೂ ಹಾಕಂಗಿಲ್ಲ."

ಮುಂದಿನ ಎರಡು ಶನಿವಾರ ನಾನು ಅಲ್ಲೇ ಒಂದು ಸ್ಟೂಲ್ ಹಾಕಿಕೊಂಡು ಕೂತು ನೋಡಿದೆ. ಮೊದಲು ಕೆಳಗಿನ ಅಂಚಿನಲ್ಲಿ ಅಸ್ತರ್ ಬಿಚ್ಚಿ ಒಳಭಾಗವನ್ನ ಹೊರಗೆ ಎಳೆದರು. ಮಾರ್ಜಿನ್‌ಗಳು ಸಲ್ಯೂಷನ್ ಅನ್ನೋ ಅಂಟು ಹಚ್ಚಿ ಮಲಗಿಸಿದ್ದವು, ಅವನ್ನ ಬೆರಳಿನಿಂದಲೇ ನಿಧಾನಕ್ಕೆ ಎಬ್ಬಿಸಿದರು, ಎಳೆದರೆ ಚರ್ಮ ಹಿಗ್ಗುತ್ತದಂತೆ. ಗುರುತು ಹಾಕಿದ್ದು ಬಿಳಿ ಪೆನ್ಸಿಲ್‌ನಲ್ಲಿ, ಅದೂ ಒಳಮುಖಕ್ಕೆ. ಬಾಲ್‌ಪೆನ್ನು ಮುಟ್ಟಬೇಡ, ಅದರ ಶಾಯಿ ಚರ್ಮ ಬಿಟ್ಟು ಹೋಗಲ್ಲ ಅಂದರು. ಹೊಸ ಹೊಲಿಗೆ ಮಷೀನಿನಲ್ಲೇ ಆಯಿತು. ಸೂಜಿ ತೋರಿಸಿದರು, ತುದಿ ದುಂಡಗಿಲ್ಲ, ಸಣ್ಣ ಉಳಿಯ ಬಾಯಿ ಥರ ಚಪ್ಪಟೆ, ಚರ್ಮವನ್ನ ಕೊಯ್ದು ದಾರಿ ಮಾಡುತ್ತದೆ. ಹೊಲಿದ ಮೇಲೆ ಮಾರ್ಜಿನ್‌ನ ಅಂಚನ್ನ ರಂಪಿಗೆಯಿಂದ (ಚರ್ಮ ಹೆರೆಯೋ ಕತ್ತಿ) ಓರೆಯಾಗಿ ಹೆರೆದು ತೆಳು ಮಾಡಿದರು. ಚರ್ಮದ ಸಿಪ್ಪೆ ಸೌತೆಕಾಯಿ ಸಿಪ್ಪೆ ಥರ ಸುರುಳಿ ಸುರುಳಿ ಬೀಳುತ್ತಿತ್ತು. ಹಾಗೆ ಹೆರೆಯದಿದ್ದರೆ ಪಕ್ಕದಲ್ಲಿ ಹಗ್ಗ ಇಟ್ಟ ಹಾಗೆ ಏಣು ನಿಲ್ಲುತ್ತದೆ. ಆಮೇಲೆ ಸಲ್ಯೂಷನ್ ಹಚ್ಚಿ, ಆರಲು ಬಿಟ್ಟು, ಎರಡೂ ಕಡೆ ಮಲಗಿಸಿ, ಕಬ್ಬಿಣದ ಅಡಿ ಮೇಲೆ ಇಟ್ಟು ಸಣ್ಣ ಸುತ್ತಿಗೆಯಿಂದ ಟಕ್ ಟಕ್ ಟಕ್.

ಉಳಿದ ಚರ್ಮದಲ್ಲಿ ಪಟ್ಟಿ ಕತ್ತರಿಸಿ ತೂತಿನ ಸಾಲುಗಳ ಮೇಲೆ ಹಚ್ಚೋ ಕೆಲಸ ಎರಡನೇ ಶನಿವಾರ. ತೂತಿನ ಸಾಲುಗಳು ಕಂಕುಳಲ್ಲಿ ಹೊಲಿಗೆಯಿಂದ ಒಂದೊಂದು ಇಂಚು ದೂರ, ಸೊಂಟದಲ್ಲಿ ಅರ್ಧರ್ಧ ಇಂಚು ದೂರ. ಹಾಗಾಗಿ ಪಟ್ಟಿ ಮೇಲೆ ಎರಡೂವರೆ ಇಂಚು ಅಗಲ, ಸೊಂಟಕ್ಕೆ ಬಂದಾಗ ಒಂದೂವರೆ. ಕಾಗದದಲ್ಲಿ ಕತ್ತರಿಸಿ ಮೊದಲು ಇಟ್ಟು ನೋಡಿದರು, ಜೇಬಿನ ಜಿಪ್ಪಿಗೆ ತಾಗುತ್ತದಾ ಅಂತ ಅಳೆದರು. ತಾಗಲಿಲ್ಲ. ಹೊಲಿದದ್ದು ಕೈಯಲ್ಲಿ. ಒಂದೇ ದಾರ, ಎರಡು ತುದಿಗೆ ಎರಡು ಸೂಜಿ. ದಾರಕ್ಕೆ ಜೇನುಮೇಣ ಎಳೆದುಕೊಂಡು, ಒಂದು ಸೂಜಿ ಹೊರಗಿನಿಂದ ಒಳಗೆ, ಇನ್ನೊಂದು ಅದೇ ತೂತಿನಲ್ಲಿ ಒಳಗಿನಿಂದ ಹೊರಗೆ, ಎರಡೂ ಕೈ ಅಗಲಿಸಿ ಬಿಗಿ ಎಳೆಯೋದು. 12 ತೂತಿನಲ್ಲಿ ಒಂದು ಬಿಟ್ಟು ಒಂದು ಹಿಡಿದರು, ಇಂಚಿಗೆ ಆರೇ ಟಾಕು. ಬಿಟ್ಟ ತೂತುಗಳು ಪಟ್ಟಿಯ ಅಡಿ ಸಲ್ಯೂಷನ್ ಕುಡಿದು ಮುಚ್ಚಿಹೋದವು. ಮಷೀನಿನ ಹೊಲಿಗೆಯಲ್ಲಿ ಮೇಲಿನ ದಾರ ಕೆಳಗಿನ ದಾರ ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುತ್ತವೆ, ಒಂದು ಕಿತ್ತರೆ ಪಕ್ಕದ್ದೂ ಬಿಡುತ್ತಾ ಹೋಗುತ್ತದೆ. ಇದರಲ್ಲಿ ಒಂದು ಟಾಕು ಹೋದರೂ ಇನ್ನೊಂದು ದಾರ ಅಲ್ಲೇ ಹಿಡಿದುಕೊಂಡಿರುತ್ತದೆ. ಎಲ್ಲಿ ಕಲಿತ್ರಿ ಅಂದೆ. ಅವರ ಅಪ್ಪ ಎತ್ತಿನ ಕೊರಳಿನ ಗೆಜ್ಜೆಪಟ್ಟಿ ಹೊಲಿಯುತ್ತಿದ್ದರಂತೆ. ಕಾರಹುಣ್ಣಿಮೆ ಹತ್ತಿರ ಬಂದರೆ ರಾತ್ರಿಯೆಲ್ಲ ಇದೇ ಕೆಲಸ, ಮಕ್ಕಳೆಲ್ಲ ದಾರಕ್ಕೆ ಮೇಣ ಎಳೆಯೋದು. "ಎತ್ತು ಕುತ್ಗಿ ಝಾಡಿಸ್ತಂದ್ರ ಮಷೀನ್ ಹೊಲಿಗಿ ನಿಂದ್ರಾಂಗಿಲ್ಲವಾ ತಂಗಿ. ಇದು ನಿಂದರ್ತೈತಿ."

ಕೊನೆಗೆ ಅಸ್ತರ್. ಅದನ್ನೂ ಅಷ್ಟೇ ಕಡಿಮೆ ಮಾಡಬೇಕು, ಆದರೆ ಚರ್ಮಕ್ಕಿಂತ ಕೂದಲಷ್ಟು ಸಡಿಲ ಬಿಟ್ಟು. ಚರ್ಮ ಹಿಗ್ಗುತ್ತದೆ, ಅಸ್ತರ್ ಹಿಗ್ಗಲ್ಲ. ಸಮ ಹೊಲಿದರೆ ಮೊದಲು ಹರಿಯೋದು ಕಂಕುಳಲ್ಲಿ.

ಎಲ್ಲಾ ಸೇರಿ 1,600 ರೂಪಾಯಿ ತೆಗೆದುಕೊಂಡರು. ಎರಡು ಶನಿವಾರದ ಕೆಲಸಕ್ಕೆ ಅದು ಕಡಿಮೆ, ಜಾಸ್ತಿ ಕೊಟ್ಟರೆ ತಗೊಳ್ಳಲಿಲ್ಲ. ಬರುವಾಗ ನವಲೂರಿನಲ್ಲಿ ಇಳಿದು ಒಂದು ಬುಟ್ಟಿ ಪೇರಲ ತಂದಿದ್ದೆ, ಅದನ್ನ ಮಾತ್ರ ತೆಗೆದುಕೊಂಡರು.

ಹೊಸದಾಗಿ ಹೊಲಿಸೋರಿಗೆ ಒಂದೆರಡು ಮಾತು. ಮೈ ಅಳತೆ ಕೊಡುವಾಗ ತೆಳು ಅಂಗಿಯ ಮೇಲೇ ಕೊಡಿ, ಒಳಗೆ ಏನು ಹಾಕಿಕೊಳ್ಳುತ್ತೀರಿ ಅನ್ನೋದನ್ನ ಬೇರೆ ಹೇಳಿ, ಲೂಸ್ ಅವರೇ ಸೇರಿಸಲಿ. ನಿಮಗೆ ಚೆನ್ನಾಗಿ ಕೂರುವ ಒಂದು ಹಳೇ ಜಾಕೆಟ್ ಇದ್ದರೆ ನೆಲದ ಮೇಲೆ ಹರಡಿ ಅದರ ಅಳತೆಯನ್ನೂ ಕಳಿಸಿ. ತೋಳಿನ ಅಳತೆಯನ್ನ ಹ್ಯಾಂಡಲ್ ಹಿಡಿದು ಕೂತಾಗ ತೆಗೆಸಿ. ಆಲ್ಟರ್ ಮಾಡಿಸುವಾಗ, ಬಿಚ್ಚುವ ಮೊದಲು ಅವರು ಹಿಂದೆ ಹೊಲಿದ ಚರ್ಮದ ವಸ್ತು ಒಂದನ್ನ ಕೇಳಿ ನೋಡಿ, ಅದರಲ್ಲಿ ಒಂದು ಇಂಚಿಗೆ ಟಾಕು ಎಷ್ಟು ಅಂತ ಎಣಿಸಿ. ಎಷ್ಟು ಹಿಡಿಸಬೇಕು ಅಂತ ಗೊಂದಲ ಇದ್ದರೆ ಕಡಿಮೆಯೇ ಹಿಡಿಸಿ. ಇನ್ನೂ ಬೇಕು ಅನಿಸಿದರೆ ಮತ್ತೊಮ್ಮೆ ಹಿಡಿಸಬಹುದು.

ಶನಿವಾರ ಜಾಕೆಟ್ ಹಾಕಿಕೊಂಡೇ ವಾಪಸ್ ಬಂದೆ. ಉಣಕಲ್ ದಾಟಿದ ಮೇಲೆ ಗಾಳಿ ಜೋರಾಯಿತು, ಬೆನ್ನು ಉಬ್ಬಲಿಲ್ಲ. ಮನೆಗೆ ಬಂದು ಅವ್ವನಿಗೆ ಪಕ್ಕದ ಪಟ್ಟಿ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಂದು ಹೆಬ್ಬೆರಳಿನಿಂದ ಮೇಲಿಂದ ಕೆಳಗೆ ಸವರಿ ನೋಡಿದಳು, ತೂತು ಎಲ್ಲಿದ್ದವು ಅಂತ ಕೇಳಿದಳು. ಎಡಗಡೆ ಕಂಕುಳ ಹತ್ತಿರ, ಪಟ್ಟಿ ಶುರುವಾಗೋ ಜಾಗದಲ್ಲಿ, ಪಟ್ಟಿಗೆ ಸಿಗದ ಎರಡು ತೂತು ಉಳಿದಿವೆ. ಅಲ್ಲಿ ಕಾಕಾ ಏನೂ ಮಾಡಲಿಲ್ಲ. ಮಳೆಗಾಲಕ್ಕೆ ಮೊದಲು ಒಮ್ಮೆ ತಗೊಂಡು ಬಾ, ಮೇಣ ತುಂಬಿ ಕೊಡ್ತೀನಿ ಅಂದಿದ್ದಾರೆ. ಮೇ ತಿಂಗಳಲ್ಲಿ ಹೋಗಬೇಕು.